ಸರಪಳಿ ಬಿಟ್ಟು ಕೋಟು ಹಾಕಿದ ಮೇಲೆ

"ಆ ಕಲ್ಲನ್ನು ನಿಮಗೆ ತೋರಿಸಿದವರು ಯಾರು?"

ಈ ಪ್ರಶ್ನೆ ನನಗೆ ಎದುರಾಗಿ 11 ವರ್ಷ ಆಯ್ತು. ಕೇಳಿದವರು ಎದುರು ಪಾರ್ಟಿಯ ವಕೀಲರು. ಸಾಕ್ಷಿ ಕಟ್ಟೆಯಲ್ಲಿ ನಿಂತಿದ್ದವಳು ನಾನು. ಆಗ ನಾನು ಲೈಸೆನ್ಸ್ ಪಡೆದ ಸರ್ವೆಯರ್. ತೀರ್ಥಹಳ್ಳಿ ಕಡೆ ಅಣ್ಣ ತಮ್ಮ ಪಾಲಾಗುವಾಗ ಅವರ ಜಮೀನಿಗೆ 11ಇ ನಕ್ಷೆ, ಅಂದರೆ ಜಮೀನು ಭಾಗ ಮಾಡುವಾಗ ಬೇಕಾಗುವ ಅಳತೆ ನಕ್ಷೆ, ಮಾಡಿಕೊಟ್ಟಿದ್ದೆ. ಪಕ್ಕದ ತೋಟದವರು ನಕ್ಷೆಯೇ ತಪ್ಪು ಅಂತ ದಾವೆ ಹಾಕಿದರು. ನನಗೆ ಸಮನ್ಸ್ ಬಂತು. ಹಿಂದಿನ ರಾತ್ರಿ ಹಳೇ ಸರ್ವೆಯ ಅಳತೆ ಇರುವ ಟಿಪ್ಪಣಿ, ವಿಸ್ತೀರ್ಣ ಇರುವ ಆಕಾರಬಂದು, ನನ್ನ ಅಳತೆ ಪುಸ್ತಕ ಎಲ್ಲಾ ಹರಡಿಕೊಂಡು ಕೂತು ಒಂದೊಂದು ಲೆಕ್ಕವನ್ನೂ ಮತ್ತೆ ಮಾಡಿದೆ. ಎಲ್ಲೂ ತಪ್ಪಿರಲಿಲ್ಲ. ಬೆಳಗ್ಗೆ ಧೈರ್ಯವಾಗಿಯೇ ಹೋದೆ.

ಅವರು ಲೆಕ್ಕದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅಳತೆ ಎಲ್ಲಿಂದ ಶುರು ಮಾಡಿದ್ರಿ ಅಂದರು. ಹಳ್ಳದ ಪಕ್ಕದ ಮೂಲ ಕಲ್ಲಿನಿಂದ ಅಂದೆ. ಅದು ಮೂಲ ಕಲ್ಲು ಅಂತ ಹೇಗೆ ಗೊತ್ತಾಯ್ತು ಅಂದರು. ಊರಿನವರು ತೋರಿಸಿದರು, ಟಿಪ್ಪಣಿಗೂ ತಾಳೆ ಬಂತು ಅಂದೆ. "ಊರಿನವರು ಅಂದ್ರೆ ಯಾರು? ಒಂದು ಹೆಸರು ಹೇಳಿ." ನನ್ನ ಕಣ್ಣ ಮುಂದೆ ಆ ದಿನ ಪೂರ್ತಿ ಬಂದು ನಿಂತಿತು. ಮೊದಲ ಮಳೆ ಬಿದ್ದು ವಾರವೂ ಆಗಿರಲಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡ ಒಬ್ಬ ಮುದುಕರು ಮುಂದೆ ಮುಂದೆ ಹೋಗಿ, ಕತ್ತಿಯಿಂದ ಗಿಡ ಸವರಿ, ಅದೇ ಕತ್ತಿಯ ಬೆನ್ನಿನಿಂದ ಕಲ್ಲಿನ ಮೇಲಿನ ಪಾಚಿ ಕೆರೆದು, "ಇದೇ ನೋಡಿ ಮೇಡಂ, ನಮ್ಮ ಅಪ್ಪನ ಕಾಲದ್ದು" ಅಂದಿದ್ದರು. ನನ್ನ ಕಾಲಿಗೆ ಹತ್ತಿದ್ದ ಇಂಬಳಕ್ಕೆ ತಮ್ಮ ಚಂಚಿಯಿಂದ ಸುಣ್ಣ ತೆಗೆದು ಕೊಟ್ಟಿದ್ದರು. ಅವರ ಮುಖ ಗೊತ್ತು, ಧ್ವನಿ ಗೊತ್ತು. ಹೆಸರು ಮಾತ್ರ ಕೇಳಿರಲಿಲ್ಲ. ಬರೆದುಕೊಂಡೂ ಇರಲಿಲ್ಲ.

ನಮ್ಮ ಕೋರ್ಟುಗಳಲ್ಲಿ ಪಾಟಿ ಸವಾಲಿನ ಉತ್ತರವನ್ನು ಬರೆಸುವ ಒಂದು ರೀತಿ ಇದೆ. ವಕೀಲರು ಕೇಳಿದ ಪ್ರಶ್ನೆಯನ್ನೇ ಸಾಕ್ಷಿಯ ಬಾಯಿಗೆ ಹಾಕಿ, ಕೊನೆಗೆ 'ಎಂದರೆ ಸರಿ' ಅಥವಾ 'ಎಂದರೆ ಸರಿಯಲ್ಲ' ಅಂತ ಸೇರಿಸುತ್ತಾರೆ. ಆ ದಿನ ನನ್ನ ಹೇಳಿಕೆಯಲ್ಲಿ ಹೀಗೆ ಬಂತು: 'ಸದರಿ ಕಲ್ಲು ಮೂಲ ಕಲ್ಲು ಎಂದು ತೋರಿಸಿದವರ ಹೆಸರು ನನಗೆ ಗೊತ್ತಿಲ್ಲ ಎಂದರೆ ಸರಿ.' ಟೈಪಿಸ್ಟ್ ಅದನ್ನು ಬಡಿಯುವ ಸದ್ದು ಕೇಳುತ್ತಾ ನಿಂತಿದ್ದೆ. ಅಂಗುಲ ಅಂಗುಲ ಲೆಕ್ಕ ಇಟ್ಟ ಕೆಲಸ ಒಂದು ಹೆಸರಿಲ್ಲದೆ ನೆಲಕ್ಕೆ ಬಿತ್ತು. ಮುಂದೆ ಆ ಕೇಸು ಬೇರೆ ಸಾಕ್ಷಿಗಳ ಮೇಲೆ ನಡೆಯಿತು. ನನ್ನ ನಕ್ಷೆಯನ್ನು ಯಾರೂ ಆಧಾರವಾಗಿ ಹಿಡಿಯಲಿಲ್ಲ.

ಸಂಜೆ ಶಿವಮೊಗ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಮಂಡಗದ್ದೆ ದಾಟುವವರೆಗೂ ಸಿಟ್ಟಿತ್ತು. ಗಾಜನೂರು ಬರುವಷ್ಟರಲ್ಲಿ ಸಿಟ್ಟು ಇಳಿದು ಬೇರೆ ಏನೋ ಉಳಿದುಕೊಂಡಿತು. ಆ ವಕೀಲರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದನ್ನು ಮೊದಲು ನಾನೇ ಕೇಳಿಕೊಳ್ಳಬೇಕಿತ್ತು.

ಸುಲಭ ಅಲ್ವಾ ಅಂತ ಕೇಳುವವರಿಗೆ

ಆಮೇಲೆ ಎರಡು ವರ್ಷಕ್ಕೆ ಕಾನೂನು ಓದಲು ಸೇರಿದೆ. ಈಗ ವಕೀಲಿ ಮಾಡುತ್ತಿದ್ದೇನೆ, ಹೆಚ್ಚಾಗಿ ಜಮೀನಿನ ಕೇಸುಗಳು. ಸಿವಿಲ್ ಇಂಜಿನಿಯರಿಂಗ್ ಓದಿದ, ಸರ್ವೆ ಕೆಲಸ ಮಾಡುತ್ತಿರುವ ಹುಡುಗ ಹುಡುಗಿಯರು ಆಗಾಗ ಬಂದು ಕೇಳುತ್ತಾರೆ: "ಮೇಡಂ, ಸರ್ವೆ ಗೊತ್ತಿದ್ರೆ ವಕೀಲಿ ಸುಲಭ ಅಲ್ವಾ? ಅರ್ಧ ಕೆಲಸ ಆಗಲೇ ಬಂದಂಗಲ್ವಾ?" ನಾನೂ ಹಾಗೇ ಅಂದುಕೊಂಡು ಬಂದವಳು. ಅದಕ್ಕೇ ಈ ಬರಹ.

ಕಾಗದದ ಮೇಲಿನ ಅರ್ಹತೆ ದೊಡ್ಡ ಮಾತಲ್ಲ. ಯಾವುದೇ ಡಿಗ್ರಿ ಆದವರು ಮೂರು ವರ್ಷದ ಎಲ್‌ಎಲ್‌ಬಿ ಸೇರಬಹುದು. ಸಾಮಾನ್ಯ ವರ್ಗಕ್ಕೆ ಡಿಗ್ರಿಯಲ್ಲಿ 45% ಬೇಕು. ಹಾಜರಾತಿ 70% ಇರಲೇಬೇಕು, ಕೆಲಸದ ಜೊತೆ ಓದುವವರಿಗೆ ಕಷ್ಟ ಆಗುವುದು ಇಲ್ಲೇ. ನಾನು ಬೆಳಗ್ಗೆ ಕ್ಲಾಸಿಗೆ ಹೋಗಿ, ಉಳಿದ ಹೊತ್ತಿನಲ್ಲಿ, ರಜೆಯಲ್ಲಿ ಅಳತೆ ಮಾಡುತ್ತಾ ಮೂರು ವರ್ಷ ದೂಡಿದೆ. ಆಮೇಲೆ ರಾಜ್ಯ ಬಾರ್ ಕೌನ್ಸಿಲ್‌ನಲ್ಲಿ ಎನ್‌ರೋಲ್ ಆಗಬೇಕು, ಆಲ್ ಇಂಡಿಯಾ ಬಾರ್ ಪರೀಕ್ಷೆ ಪಾಸಾಗಬೇಕು. ಅದು 100 ಪ್ರಶ್ನೆಯ ಪರೀಕ್ಷೆ. ಕನ್ನಡದಲ್ಲೂ ಬರೆಯಬಹುದು.

ಯಾರೂ ಮುಂಚೆ ಹೇಳದೇ ಇದ್ದ ಒಂದು ವಿಷಯ ಇದೆ. ವಕೀಲರಾದವರು ಸ್ವತಃ ಬೇರೆ ವ್ಯಾಪಾರ ನಡೆಸುವಂತಿಲ್ಲ, ಪೂರ್ಣಾವಧಿ ಸಂಬಳದ ಕೆಲಸದಲ್ಲೂ ಇರುವಂತಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 47 ಮತ್ತು 49ನೇ ನಿಯಮಗಳು ಇದನ್ನೇ ಹೇಳುತ್ತವೆ. ಎರಡು ದೋಣಿಯಲ್ಲಿ ಕಾಲಿಡಲು ನನಗೆ ಮನಸ್ಸಿರಲಿಲ್ಲ. ಸರ್ವೆ ಲೈಸೆನ್ಸ್ ವಾಪಸ್ ಕೊಟ್ಟೆ. ಅವತ್ತು ಮನೆಗೆ ಬಂದು ಟೇಪು, ರೇಂಜಿಂಗ್ ರಾಡು, ಕ್ರಾಸ್ ಸ್ಟಾಫು ಎಲ್ಲಾ ಒರೆಸಿ ಅಟ್ಟದ ಮೇಲೆ ಇಟ್ಟೆ. ಅಮ್ಮ ಕೆಳಗೆ ನಿಂತು ಏಣಿ ಹಿಡಿದುಕೊಂಡಿದ್ದರು. ಒಂದು ಮಾತೂ ಆಡಲಿಲ್ಲ.

ದುಡ್ಡಿನ ವಿಷಯವನ್ನೂ ಮುಚ್ಚಿಡಬಾರದು. ಸರ್ವೆಯಲ್ಲಿ ಕೆಲಸ ಮುಗಿದರೆ ದುಡ್ಡು ಬರುತ್ತಿತ್ತು. ಜೂನಿಯರ್ ವಕೀಲರಿಗೆ ಮೊದಲ ವರ್ಷಗಳಲ್ಲಿ ಸಿಗುವುದು ಪೆಟ್ರೋಲ್ ಖರ್ಚಿನಷ್ಟೇ. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ಶಿಫಾರಸು ಮಾಡಿತು. ಅದು ಶಿಫಾರಸು ಮಾತ್ರ, ಕಡ್ಡಾಯ ಅಲ್ಲ. ಕಡ್ಡಾಯ ಆಗಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಮನೆಯಲ್ಲಿ ಅನುಕೂಲ ಇರುವವರು ಮಾತ್ರ ವಕೀಲರಾಗುವಂತೆ ಆಗಬಾರದು.

ಖಾಲಿ ಬಿಡುವ ಕಾಲಂ

ಸೀನಿಯರ್ ಆಫೀಸಿಗೆ ಸೇರಿದ ಮೊದಲ ವಾರ. ನನಗೆ ಒಂದು ದಾವೆಯ ಪ್ರತಿ ಕೊಟ್ಟು ಪ್ರತಿವಾದಿಯ ಜವಾಬು ಬರೆಯಲು ಹೇಳಿದರು. ನಾನು ಪಹಣಿ ನೋಡಿದೆ, ಮ್ಯುಟೇಶನ್ ನೋಡಿದೆ. ನಮ್ಮ ಕಡೆಯವರಿಗೆ ಗೊತ್ತಿದ್ದ ವಿಷಯಕ್ಕೆಲ್ಲಾ ಉತ್ತರ ಬರೆದೆ. ಗೊತ್ತಿಲ್ಲದ ಎರಡು ಪ್ಯಾರಾ ಹಾಗೇ ಬಿಟ್ಟೆ. ಸರ್ವೆಯಲ್ಲಿ ಅದೇ ಶಿಸ್ತು. ಅಳೆಯದ ಜಾಗಕ್ಕೆ ಅಂಕಿ ಹಾಕಬಾರದು, ಖಾಲಿ ಬಿಡಬೇಕು. ಅಂದಾಜಿನಲ್ಲಿ ಒಂದು ಅಂಕಿ ಬರೆದರೂ ಅದು ಪಾಪ ಅಂತ ನಮಗೆ ಕಲಿಸಿದವರು ಹೇಳುತ್ತಿದ್ದರು.

ಸೀನಿಯರ್ ಓದಿ ಕನ್ನಡಕ ತೆಗೆದರು. "ಈ ಎರಡು ಪ್ಯಾರಾ ಎಲ್ಲಿ?" ನಮಗೆ ಗೊತ್ತಿಲ್ಲ ಸರ್, ಅದಕ್ಕೆ ಬಿಟ್ಟೆ ಅಂದೆ. ಅವರು ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆ, ತೆಗೆದು 8ನೇ ಆರ್ಡರಿನ 5ನೇ ರೂಲ್ ಮೇಲೆ ಬೆರಳಿಟ್ಟರು. ಎದುರಿನವರು ಹೇಳಿದ ಸಂಗತಿಯನ್ನು ಸ್ಪಷ್ಟವಾಗಿ ನಿರಾಕರಿಸದಿದ್ದರೆ ಒಪ್ಪಿಕೊಂಡ ಹಾಗೆ. "ನೀವು ಖಾಲಿ ಬಿಟ್ಟಿಲ್ಲ ಅಮ್ಮ, ಅವರ ಹೆಸರಿಗೆ ಬರೆದುಕೊಟ್ಟಿದ್ದೀರಿ" ಅಂದರು. ಅವತ್ತು ನನ್ನ ಕೈ ತಣ್ಣಗಾಯ್ತು. ಒಂದು ವೃತ್ತಿಯಲ್ಲಿ ಪ್ರಾಮಾಣಿಕತೆ ಅನ್ನಿಸಿಕೊಂಡದ್ದು ಇನ್ನೊಂದರಲ್ಲಿ ಕಕ್ಷಿದಾರರಿಗೆ ಮಾಡುವ ದ್ರೋಹ ಆಗಬಹುದು. ಇದನ್ನು ಯಾವ ಸಿಲಬಸ್ಸೂ ಕಲಿಸುವುದಿಲ್ಲ.

ಇಂಥವು ಒಂದೊಂದಾಗಿ ಬಂದವು. ಸರ್ವೆಯವರಿಗೆ ಪಹಣಿ ಅಂದರೆ ಮುಗಿಯಿತು, ಅಲ್ಲಿ ಇದ್ದದ್ದು ಇದ್ದ ಹಾಗೆ. ಭೂ ಕಂದಾಯ ಕಾಯ್ದೆಯ 133ನೇ ಕಲಂ ಓದಿದ ಮೇಲೆ ಗೊತ್ತಾಯ್ತು, ಪಹಣಿಯಲ್ಲಿ ಇದ್ದದ್ದು ನಿಜ ಅಂತ ಭಾವಿಸಬೇಕು, ಆದರೆ ಸುಳ್ಳು ಅಂತ ಯಾರಾದರೂ ರುಜುವಾತು ಮಾಡುವವರೆಗೆ ಮಾತ್ರ. ಸರ್ವೆಯವರಿಗೆ ವಿಸ್ತೀರ್ಣ ಮುಖ್ಯ. ಸರಪಳಿ 33 ಅಡಿ, ಸರಪಳಿಗೆ 16 ಆಣೆ, 33ಕ್ಕೆ 33 ಅಡಿ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕೋರ್ಟಿನಲ್ಲಿ ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ಜಗಳ ಬಂದರೆ ಸಾಮಾನ್ಯವಾಗಿ ಚೆಕ್ಕುಬಂದಿಯ ಕೈ ಮೇಲು. ಪತ್ರದಲ್ಲಿ 20 ಗುಂಟೆ ಅಂತ ಇದ್ದು, ಪೂರ್ವಕ್ಕೆ ಹಳ್ಳ ಪಶ್ಚಿಮಕ್ಕೆ ದಾರಿ ಅಂತ ಇದ್ದರೆ, ಹಳ್ಳಕ್ಕೂ ದಾರಿಗೂ ನಡುವೆ ಎಷ್ಟಿದೆಯೋ ಅಷ್ಟು. 9 ವರ್ಷ ಅಂಕಿಯನ್ನೇ ನಂಬಿ ಬದುಕಿದವಳಿಗೆ ಇದನ್ನು ಒಪ್ಪಿಕೊಳ್ಳಲು ಒಂದು ವರ್ಷವೇ ಬೇಕಾಯ್ತು.

ತಪ್ಪಿನ ಬೆಲೆಯೂ ಬೇರೆ. ಅಳತೆ ತಪ್ಪಿದರೆ ಮತ್ತೆ ಹೋಗಿ ಅಳೆಯಬಹುದು. ಜಮೀನು ಎಲ್ಲಿಗೂ ಓಡಿ ಹೋಗಲ್ಲ. ವಕೀಲಿಯಲ್ಲಿ ವಾಯಿದೆ ಮೀರಿದರೆ ಎಷ್ಟೇ ನ್ಯಾಯ ಇದ್ದರೂ ಬಾಗಿಲು ಮುಚ್ಚುತ್ತದೆ. ಇನ್ನೊಂದು, ಗುಂಟೆ ಯಾವತ್ತೂ ಬದಲಾಗಿಲ್ಲ. ಕಾನೂನು ಬದಲಾಗುತ್ತದೆ. ನಾನು ಕಷ್ಟಪಟ್ಟು ಓದಿದ 1872ರ ಸಾಕ್ಷ್ಯ ಕಾಯ್ದೆ 2024ರ ಜುಲೈ 1ಕ್ಕೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ರುಜುವಾತಿನ ಭಾರ ಹೇಳುವ 101ನೇ ಕಲಂ ಈಗ 104. ಒಳಗಿನ ಮಾತು ಹೆಚ್ಚುಕಡಿಮೆ ಅದೇ. ಆದರೂ ಎದ್ದು ನಿಂತು ವಾದ ಮಾಡುವಾಗ ಬಾಯಿಗೆ ಹಳೇ ನಂಬರೇ ಬರುತ್ತದೆ.

ಹಾಗಾದರೆ ಸರ್ವೆಯಿಂದ ಏನೂ ಬರಲಿಲ್ಲವಾ? ಬಂತು. ಹಳೇ ಕೈಬರಹ ಓದುವ ಅಭ್ಯಾಸ ಬಂತು. ಶಾಯಿ ಹರಡಿದ, ಹುಳ ತಿಂದ ಕಾಗದದಲ್ಲಿ ಒಂದು ಹಿಸ್ಸಾ ನಂಬರ್ ಹುಡುಕುವ ತಾಳ್ಮೆ ಬಂತು. ಹತ್ತು ಪುಟದಲ್ಲಿ ಹೇಳಿದರೂ ಅರ್ಥವಾಗದ್ದನ್ನು ಒಂದು ಕೈನಕ್ಷೆಯಲ್ಲಿ ತೋರಿಸುವುದು ಬಂತು. ಅದನ್ನು ನೋಡಿದ ಮೇಲೆಯೇ ಸೀನಿಯರ್ ನನ್ನನ್ನು ಮುಖ್ಯ ಕೇಸುಗಳಿಗೆ ಕರೆಯಲು ಶುರು ಮಾಡಿದ್ದು. ಆದರೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಬೇಲಿ ಬದಿಯಲ್ಲಿ ನಿಂತು ಜನರ ಮಾತು ಕೇಳಿಸಿಕೊಳ್ಳುವುದು. ಸರ್ವೆಗೆ ಹೋದರೆ ಜಗಳ ಆಡುವ ಇಬ್ಬರೂ ಒಂದೇ ಸಲ ಮಾತಾಡುತ್ತಾರೆ. ಮನೆ ಮಂದಿಯೆಲ್ಲಾ ಸೇರುತ್ತಾರೆ. ಆ ಗಲಾಟೆಯ ನಡುವೆ ಮೂಲೆಯಲ್ಲಿ ಸುಮ್ನೆ ನಿಂತವರು ಒಬ್ಬರು ಇರುತ್ತಾರೆ. ನಿಜ ಸಂಗತಿ ಹೆಚ್ಚಾಗಿ ಅವರಿಗೆ ಗೊತ್ತಿರುತ್ತದೆ. ಅವರನ್ನು ಗುರುತಿಸುವುದು ಸರ್ವೆ ಕಲಿಸಿದ ಕೆಲಸ. ಅವರ ಹೆಸರು ಬರೆದುಕೊಳ್ಳುವುದು ಕೋರ್ಟು ಕಲಿಸಿದ್ದು.

ಅಡಿಕೆ ಮರಕ್ಕೆ ಎಷ್ಟು ವರ್ಷ

ಜೂನಿಯರ್ ಆಗಿ ಎರಡನೇ ವರ್ಷ. ಹೊಸನಗರ ಕಡೆಯ ಒಬ್ಬ ಅಜ್ಜಿಯ ಕೇಸು ಬಂತು. ಪಕ್ಕದ ತೋಟವನ್ನು ಐದಾರು ವರ್ಷದ ಹಿಂದೆ ಕೊಂಡವರು ಹದ್ದುಬಸ್ತು, ಅಂದರೆ ಸರ್ವೆಯವರಿಂದ ಗಡಿ ಗುರುತು, ಮಾಡಿಸಿ, ಅಜ್ಜಿ 3 ಗುಂಟೆ ಒತ್ತುವರಿ ಮಾಡಿದ್ದಾರೆ, ಬಿಡಿಸಿಕೊಡಿ ಅಂತ ದಾವೆ ಹಾಕಿದ್ದರು. "ನೀವು ಅಳತೆಯವರು, ನೀವೇ ಹೋಗಿ ನೋಡಿ ಬನ್ನಿ" ಅಂತ ಸೀನಿಯರ್ ಕಳಿಸಿದರು. ಅಟ್ಟದ ಟೇಪು ಕೆಳಗೆ ಇಳಿಸಿದೆ. ಅಜ್ಜಿಯ ಮೊಮ್ಮಗ ಒಂದು ತುದಿ ಹಿಡಿದ, ನಾನು ಒಂದು ತುದಿ. ಎರಡು ಗಂಟೆಯಲ್ಲಿ ಗೊತ್ತಾಯ್ತು. ಅವರ ಅಳತೆ ಸರಿ ಇತ್ತು. ದಾಖಲೆಯ ವಿಸ್ತೀರ್ಣ ಹಿಡಿದರೆ ಎರಡು ತೋಟದ ನಡುವಿನ ಅಗಳು, ಅಂದರೆ ಗಡಿ ಕಂದಕ, ಆಚೆಯವರ ಜಾಗದ ಒಳಗೇ ಇದೆ. ಒಂಬತ್ತು ಅಡಿಗೆ ಒಂದರಂತೆ ನೆಟ್ಟ ಅಡಿಕೆ, 3 ಗುಂಟೆಗೆ ಸುಮಾರು 40 ಮರ.

ಅಲ್ಲೇ ಅಡಿಕೆ ಮರಕ್ಕೆ ಒರಗಿ ನಿಂತೆ. ಸರ್ವೆಯರ್ ಆಗಿದ್ದರೆ ನನ್ನ ಕೆಲಸ ಮುಗಿದಿತ್ತು. ಇಬ್ಬರನ್ನೂ ಕರೆದು, ಇದು ನಿಮ್ಮದು ಇದು ಅವರದು ಅಂತ ಹೇಳಿ, ಕಲ್ಲು ಹಾಕಿಸಿ ಹೊರಡುತ್ತಿದ್ದೆ. ಸರ್ವೆಯವರು ಇಬ್ಬರ ನಡುವೆ ನಿಲ್ಲುತ್ತಾರೆ. ಅದೊಂದು ನೆಮ್ಮದಿ. ವಕೀಲರು ಒಬ್ಬರ ಪಕ್ಕ ನಿಲ್ಲಬೇಕು. ಆ ನೆಮ್ಮದಿ ಹೋದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ. "ಅಜ್ಜಿ, ಅಳತೆ ಅವರ ಕಡೆಗಿದೆ" ಅಂದೆ, ಮುಚ್ಚುಮರೆ ಇಲ್ಲದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. "ಅಳತೆ ಯಾರ ಕಡೆಗಾದ್ರೂ ಇರ್ಲಿ ಮಗಾ. ಮರ ಯಾರು ನೆಟ್ಟಿದ್ದು, ಯಾವಾಗ ನೆಟ್ಟಿದ್ದು, ಅದನ್ನ ಕೇಳು."

ಆಮೇಲೆ ಎದ್ದು ಒಂದೊಂದು ಮರವನ್ನೂ ಮುಟ್ಟಿ ತೋರಿಸಿದರು. ಈ ಸಾಲು ದೊಡ್ಡ ಮಗಳು ಹುಟ್ಟಿದ ವರ್ಷದ್ದು. ಈ ನಾಲ್ಕು, ಗಾಳಿಗೆ ಹಳೇ ಮರ ಬಿದ್ದ ಮೇಲೆ ನೆಟ್ಟದ್ದು. ಇದು ಯಜಮಾನರು ಕೈಯಾರೆ ಇಟ್ಟ ಕೊನೇ ಗಿಡ. ನಾನು ಮರದ ಮೈ ಮೇಲೆ ಕೈ ಆಡಿಸಿದೆ. ಹಾಳೆ ಕಳಚಿ ಬಿದ್ದಲ್ಲೆಲ್ಲಾ ಒಂದೊಂದು ಉಂಗುರ. ಬುಡದಲ್ಲಿ ಗೇಣು ದೂರ, ಮೇಲೆ ಹೋದ ಹಾಗೆ ಒತ್ತೊತ್ತು. ಬಿಳಿ ಕಲೆ ಹಿಡಿದು ಮರ ನುಣ್ಣಗಿತ್ತು. 9 ವರ್ಷ ಅಡಿಕೆ ತೋಟದಲ್ಲಿ ಟೇಪು ಎಳೆದಿದ್ದೆ. ಮರ ಅಂದರೆ ನನಗೆ ಟೇಪಿಗೆ ಅಡ್ಡ ಬರುವ ವಸ್ತು. ಅದಕ್ಕೆ ಎಷ್ಟು ವರ್ಷ ಅಂತ ಒಂದು ದಿನವೂ ಕೇಳಿರಲಿಲ್ಲ. ನಾನು ಯಾವಾಗಲೂ ಕೇಳುತ್ತಿದ್ದದ್ದು ಗಡಿ ಎಲ್ಲಿ ಅಂತ. ಯಾವಾಗಿನಿಂದ ಅಂತ ಕೇಳಲು ನನಗೆ ಆ ಅಜ್ಜಿ ಹೇಳಿಕೊಟ್ಟರು.

ಖುಷಿಯಿಂದ ಬಂದು ಸೀನಿಯರ್‌ಗೆ ಹೇಳಿದೆ: ಸರ್, 12 ವರ್ಷ ದಾಟಿ ಎಷ್ಟೋ ಕಾಲ ಆಗಿದೆ, ಪ್ರತಿಕೂಲ ಸ್ವಾಧೀನ ಅಂತ ಹೇಳೋಣ. ಬೇರೆಯವರ ಜಾಗವನ್ನು 12 ವರ್ಷ ಅನುಭವಿಸಿದರೆ ಹಕ್ಕು ಬರುತ್ತದೆ ಅನ್ನುವ ವಾದ ಅದು. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ವರ್ಷ ಕಳೆದರಷ್ಟೇ ಸಾಲದು. ಜಾಗ ಅವರದು ಅಂತ ಮೊದಲು ಒಪ್ಪಿಕೊಳ್ಳಬೇಕು. ಅವರಿಗೆ ಗೊತ್ತಾಗುವ ಹಾಗೆ, ಅವರ ಹಕ್ಕಿಗೆ ಎದುರಾಗಿ ಅನುಭವಿಸಿದ್ದೇವೆ ಅಂತ ತೋರಿಸಬೇಕು. ನಮ್ಮದೇ ಜಾಗ ಅಂತಲೂ ಹೇಳಿ, ಜೊತೆಗೆ ಇದನ್ನೂ ಹೇಳಿದರೆ ನಿಲ್ಲುವುದಿಲ್ಲ. ಇದನ್ನು ಅಜ್ಜಿಗೆ ಹೇಳಬೇಕಾದವಳು ನಾನು. ಹೇಳಿದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. "ಗೇಣಿ ಮಾಡಿದ್ದು ನಾವು. ಡಿಕ್ಲರೇಶನ್‌ನಲ್ಲಿ ಬಂದಿದ್ದು ನಮಗೆ. ಅದು ಅವರದ್ದು ಅಂತ ನನ್ನ ಬಾಯಲ್ಲಿ ಹೇಳಿಸ್ತೀಯಾ ಮಗಾ?"

ಮಲೆನಾಡಿನಲ್ಲಿ ಡಿಕ್ಲರೇಶನ್ ಅಂದರೆ ಏನು ಅಂತ ವಿವರಿಸಬೇಕಿಲ್ಲ. ಹೊರಗಿನವರಿಗೆ ಹೇಳುವುದಾದರೆ, ಭೂ ಸುಧಾರಣೆಯಲ್ಲಿ ಗೇಣಿದಾರರು ಅರ್ಜಿ ಹಾಕಿ, ತಾವು ಗೇಣಿ ಮಾಡುತ್ತಿದ್ದ ಜಮೀನನ್ನು ತಮ್ಮ ಹೆಸರಿಗೆ ಪಡೆದದ್ದು. 1974ರ ಮಾರ್ಚ್ 1, ಫಾರಂ 7, ಭೂ ನ್ಯಾಯಮಂಡಳಿ, ಇದೆಲ್ಲಾ ಎಷ್ಟೋ ಮನೆಗಳಲ್ಲಿ ದೇವರ ಮನೆಯ ಪೆಟ್ಟಿಗೆಯಲ್ಲೇ ಇರುತ್ತದೆ. ಅಜ್ಜಿಯ ಮನೆಯಲ್ಲೂ ಆದೇಶದ ಪ್ರತಿ ಇತ್ತು. ಅದರಲ್ಲಿ ಸರ್ವೆ ನಂಬರ್, ವಿಸ್ತೀರ್ಣ ಅಷ್ಟೇ. ಸರ್ವೆಯರ್ ಆಗಿದ್ದಾಗ ಇಂಥ ನೂರಾರು ಆದೇಶ ನೋಡಿದ್ದೆ, ವಿಸ್ತೀರ್ಣ ಬರೆದುಕೊಂಡು ಮಡಚಿ ವಾಪಸ್ ಕೊಡುತ್ತಿದ್ದೆ. ಈ ಸಲ ಪೂರ್ತಿ ಕಡತದ ನಕಲಿಗೆ ಅರ್ಜಿ ಹಾಕಿದೆ. ಸಿಗಲು ಎರಡು ತಿಂಗಳು ಹಿಡಿಯಿತು. ಕಡತದ ಮಧ್ಯದಲ್ಲಿ ಸ್ಥಳ ಮಹಜರಿನ ಎರಡು ಹಾಳೆ. ಕಪ್ಪು ಶಾಯಿ, ಒತ್ತಾದ ಅಕ್ಷರ. ಚೆಕ್ಕುಬಂದಿ ಬರೆದಿದ್ದರು. ಪೂರ್ವಕ್ಕೆ ಅಗಳು. ಅದರ ಕೆಳಗೆ, ಸದರಿ ಗಡಿಗಳನ್ನು ತೋರಿಸಿದವರು ಅಂತ ಬರೆದು ಐದು ಪಂಚರ ಹೆಸರು, ತಂದೆ ಹೆಸರು, ಊರು. ಇಬ್ಬರ ಸಹಿ, ಮೂವರ ಹೆಬ್ಬೆಟ್ಟು. ಕೈಯಲ್ಲಿ ಆ ಹಾಳೆ ಹಿಡಿದು ನಕಲು ವಿಭಾಗದ ಬೆಂಚಿನ ಮೇಲೆ ಕೂತುಬಿಟ್ಟೆ. ಯಾರೋ ಗುಮಾಸ್ತರು ನಾಲ್ಕೂವರೆ ದಶಕದ ಹಿಂದೆ, ಬಹುಶಃ ಮಳೆಯಲ್ಲೇ ನಿಂತು, ನಾನು ಕೇಳದೇ ಬಿಟ್ಟದ್ದನ್ನು ಕೇಳಿ ಬರೆದಿಟ್ಟಿದ್ದರು.

ಜವಾಬಿನಲ್ಲಿ ಅವರ ಅಳತೆ ತಪ್ಪು ಅಂತ ನಾವು ಎಲ್ಲೂ ಬರೆಯಲಿಲ್ಲ. ಅಳತೆಯ ಅಂಕಿ ಒಪ್ಪಿಕೊಂಡೆವು. ಗಡಿ ಅಗಳು ಅಂತ ಹೇಳಿದೆವು, ಮಹಜರು ಹಾಜರು ಮಾಡಿದೆವು. ಅಷ್ಟು ಮಾತ್ರ ಸೀನಿಯರ್ ಹತ್ತಿರ ನಾನು ಕೇಳಿಕೊಂಡಿದ್ದೆ, ಅವರು ಒಪ್ಪಿದರು. ಕೇಸು ಬಹಳ ಎಳೆಯಲಿಲ್ಲ. ಆಚೆಯವರೂ ಕೆಟ್ಟವರಲ್ಲ, ವಿಸ್ತೀರ್ಣ ನೋಡಿ ದುಡ್ಡು ಕೊಟ್ಟು ಕೊಂಡವರು. ಅವರ ವಕೀಲರು ಮಹಜರು ಓದಿದ ಮೇಲೆ ರಾಜಿಯ ಮಾತು ಬಂತು. ಅಗಳು ಇದ್ದಲ್ಲೇ ಇರುವುದು. ಮೇಲಿನ ತುದಿಯಲ್ಲಿ ಅವರ ಗಾಡಿ ಹೋಗಲು ಅಜ್ಜಿ ದಾರಿ ಬಿಡುವುದು. ಲೋಕ ಅದಾಲತ್‌ನಲ್ಲಿ ಅಜ್ಜಿ ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಊಟಕ್ಕೆ ಹೋಗಾಣ ಬಾ" ಅಂದರು.

ರಾಜಿಗೆ ಒಂದು ನಕ್ಷೆ ಬೇಕಿತ್ತು. ಅದಕ್ಕೆ ಸಹಿ ಹಾಕುವ ಅಧಿಕಾರ ಈಗ ನನಗಿಲ್ಲ. ಒಬ್ಬ ಹುಡುಗ ಬಂದಿದ್ದ, ಹೊಸದಾಗಿ ಲೈಸೆನ್ಸ್ ಆದವನು. ಕೈಯಲ್ಲಿ ರೋವರ್, ಉಪಗ್ರಹದ ಸಂಕೇತ ಹಿಡಿದು ಅಳೆಯುವ ಉಪಕರಣ. ನಾವು ಅರ್ಧ ದಿನ ಮಾಡುತ್ತಿದ್ದ ಕೆಲಸವನ್ನು ಒಂದು ಗಂಟೆಯಲ್ಲಿ ಮುಗಿಸಿದ. ನೋಡಲು ಚೆಂದ ಇತ್ತು. ಅಗಳಿನ ತಲೆಯಲ್ಲಿದ್ದ ಕಲ್ಲನ್ನು ಅಜ್ಜಿಯ ಪಕ್ಕದ ಮನೆಯ ಹಿರಿಯರೊಬ್ಬರು ತೋರಿಸಿದರು. ಹುಡುಗ ಅದರ ಮೇಲೆ ಕೋಲು ಊರಿ ರೀಡಿಂಗ್ ತಗೊಂಡ.

"ಅವರ ಹೆಸರು ಕೇಳಿದೆಯಾ?" ಅಂದೆ.

"ಇಲ್ಲ ಮೇಡಂ. ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ."

"ಹಾಳೆ ಹಿಂದುಗಡೆ ಬರಿಯಪ್ಪ. ತಂದೆ ಹೆಸರೂ ಕೇಳು."

ಅವನು ರೋವರನ್ನು ಮರಕ್ಕೆ ಒರಗಿಸಿ, ಜೇಬಿನಿಂದ ಪೆನ್ನು ತೆಗೆದು, ಆ ಹಿರಿಯರ ಹತ್ತಿರ ಹೋದ.